ಅಜ್ಜನ ಇಂಕ್ ಪೆನ್ನು ಮತ್ತೆ ಬರೆಯುತ್ತದೆಯೇ?

ಬೀರು ಖಾಲಿ ಮಾಡುವಾಗಲೋ ಹಳೆಯ ಟ್ರಂಕು ತೆರೆದಾಗಲೋ ಅಜ್ಜನ ಇಂಕ್ ಪೆನ್ನೊಂದು ಸಿಗುತ್ತದೆ. ಮುಚ್ಚಳ ಬಿಚ್ಚಿದರೆ ನಿಬ್ಬಿನ ಮೇಲೆ ಒಣಗಿದ ಶಾಯಿ. ಬದಿಯಲ್ಲಿರುವ ಲಿವರ್ ಎತ್ತಲು ಹೋದರೆ ಅಲುಗಾಡುವುದೇ ಇಲ್ಲ. ಆಗ ಮನೆಮಂದಿಯ ಸಲಹೆ ಶುರುವಾಗುತ್ತದೆ: ಬಿಸಿನೀರಿಗೆ ಹಾಕು, ಸ್ಪಿರಿಟ್‌ನಲ್ಲಿ ತೊಳೆ, ನಿಬ್ಬಿನ ಸೀಳಿಗೆ ಬ್ಲೇಡು ತೂರಿಸು, ಸಡಿಲವಾದ ಕಡೆ ಫೆವಿಕ್ವಿಕ್ ಹಾಕು. 50–60 ವರ್ಷ ಸುಮ್ಮನೆ ಬಿದ್ದಿದ್ದರೂ ಹಾಳಾಗದ ಪೆನ್ನು ಈ ಒಂದು ಸಂಜೆಯ ಆತುರದಲ್ಲಿ ಕೆಟ್ಟುಹೋಗಬಹುದು. ಹೀಗೇಕೆ?

ನಿಂತಿರುವುದೇನು?

ಇಂಕ್ ಪೆನ್ನಿನೊಳಗೆ ದೊಡ್ಡ ಯಂತ್ರವೇನೂ ಇಲ್ಲ. ನಿಬ್ಬಿನ ಕೆಳಗೆ ಕಪ್ಪು ನಾಲಿಗೆಯಂಥ ಭಾಗವಿರುತ್ತದೆ. ಅದರ ಕೂದಲೆಳೆಯಷ್ಟು ಸಣ್ಣ ಕಾಲುವೆಗಳಲ್ಲಿ ಶಾಯಿ ತಾನಾಗಿಯೇ ಹರಿದು ನಿಬ್ಬಿನ ಸೀಳಿಗೆ ಬರುತ್ತದೆ. ದೀಪದ ಬತ್ತಿ ಎಣ್ಣೆ ಹೀರುವುದೂ ಇದೇ ಲೋಮನಾಳ ಕ್ರಿಯೆಯಿಂದ. ಶಾಯಿ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಬೇಕು. ಈ ಎರಡನ್ನೂ ಸರಿತೂಗಿಸುವ ನಾಲಿಗೆಗೆ ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದರು.

ಹಾಗಾಗಿ ಹಳೆಯ ಪೆನ್ನು ಬರೆಯದಿರಲು ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ಕಾಲುವೆಯಲ್ಲಿ ಶಾಯಿ ಒಣಗಿದೆ, ನಿಬ್ಬಿನ ಎರಡು ಹಲ್ಲುಗಳು ಏರುಪೇರಾಗಿವೆ, ಇಲ್ಲವೇ ಶಾಯಿ ತುಂಬುವ ಚೀಲ ಸತ್ತಿದೆ.

ಲಿವರ್ ಇರುವ ಪೆನ್ನುಗಳಲ್ಲಿ ಮೂರನೆಯದು ಬಹುತೇಕ ಖಚಿತ. ಒಳಗಿರುವುದು ತೆಳು ರಬ್ಬರ್ ಚೀಲ. ಗಾಳಿಯಲ್ಲಿರುವ ಆಮ್ಲಜನಕ ತಾಕಿ ರಬ್ಬರು ವರ್ಷಗಳಲ್ಲಿ ಗಡುಸಾಗುತ್ತದೆ ಅಥವಾ ಅಂಟಂಟಾಗಿ ಗೋಡೆಗೆ ಹಿಡಿಯುತ್ತದೆ. ಅಂಥ ಲಿವರನ್ನು ಬಲವಂತವಾಗಿ ಎತ್ತಿದರೆ ಒಳಗಿನ ಒತ್ತುಪಟ್ಟಿ ಬಾಗುತ್ತದೆ, ಲಿವರೇ ಮುರಿಯಲೂಬಹುದು. 1948ರಲ್ಲಿ ಬಂದ ಪಾರ್ಕರ್ 51 ಏರೋಮೆಟ್ರಿಕ್ ಮಾದರಿಯಲ್ಲಿ ರಬ್ಬರಿನ ಬದಲು ಪಿವಿಸಿ ಚೀಲವಿತ್ತು. ಅವುಗಳಲ್ಲಿ ಅನೇಕವು ತೊಳೆದರೆ ಸಾಕು, ಇಂದಿಗೂ ಬರೆಯುತ್ತವೆ. ಡ್ರಾಪರ್‌ನಿಂದ ಶಾಯಿ ತುಂಬುವ ಪೆನ್ನಿಗಂತೂ ಚೀಲದ ಗೊಡವೆಯೇ ಇಲ್ಲ.

ಮೈ ಯಾವುದರದು?

ತೊಳೆಯುವ ಮುನ್ನ ಪೆನ್ನಿನ ಮೈ ಯಾವ ವಸ್ತುವಿನದು ಎಂದು ತಿಳಿಯಬೇಕು. ಬೆರಳಿನಿಂದ ಚೆನ್ನಾಗಿ ಉಜ್ಜಿ ಮೂಸಿ ನೋಡಿ. ಸುಟ್ಟ ರಬ್ಬರಿನಂಥ ಗಂಧಕದ ವಾಸನೆ ಬಂದರೆ ಅದು ಎಬೊನೈಟ್. ರಬ್ಬರಿಗೆ ಬಹಳಷ್ಟು ಗಂಧಕ ಸೇರಿಸಿ ಗಟ್ಟಿ ಮಾಡಿದ ವಸ್ತುವದು. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್. ಅದನ್ನು ತಯಾರಿಸುವುದೇ ನೈಟ್ರೋಸೆಲ್ಯುಲೋಸ್‌ಗೆ ಕರ್ಪೂರ ಬೆರೆಸಿ. ಕೆಲವು ಹಳೆಯ ಪೆನ್ನುಗಳನ್ನು ಹಾಲಿನ ಪ್ರೋಟೀನಾದ ಕೇಸೀನ್‌ನಿಂದಲೂ ಮಾಡುತ್ತಿದ್ದರು. ಅವು ನೀರಲ್ಲಿ ನೆನೆದರೆ ಉಬ್ಬುತ್ತವೆ.

ನಂಬಿಕೆಗಳು, ವಾಸ್ತವಗಳು

ಬಿಸಿನೀರಿನಲ್ಲಿ ನೆನೆಸಿದರೆ ಬೇಗ ಸರಿಹೋಗುತ್ತದೆ: ಇಲ್ಲ. ಎಬೊನೈಟ್ ಬಿಸಿನೀರಿನಲ್ಲಿ ಹೊಳಪು ಕಳೆದುಕೊಂಡು ಕಂದುಬಣ್ಣಕ್ಕೆ ತಿರುಗುತ್ತದೆ. ಸಾಮಾನ್ಯ ಶಾಯಿಯ ಬಣ್ಣ ತಣ್ಣೀರಿನಲ್ಲೇ ಕರಗುತ್ತದೆ, ಸಮಯ ಬೇಕು ಅಷ್ಟೇ. ನಿಬ್ಬಿನ ತುದಿ ಮಾತ್ರ ಮುಳುಗುವಂತೆ ಸಣ್ಣ ಲೋಟದಲ್ಲಿ ನಿಲ್ಲಿಸಿ, ನೀರು ಬದಲಿಸುತ್ತಿರಿ. ಒಂದು ಹನಿ ಪಾತ್ರೆ ತೊಳೆಯುವ ದ್ರವ ಸೇರಿಸಬಹುದು. ಆದರೆ ಚಿತ್ರ ಬಿಡಿಸುವ ಇಂಡಿಯಾ ಇಂಕ್ ತುಂಬಿದ್ದರೆ ಕಥೆ ಬೇರೆ. ಅದರಲ್ಲಿ ಮಸಿಯ ಕಣಗಳ ಜೊತೆಗೆ ಸಾಮಾನ್ಯವಾಗಿ ಅರಗೂ ಇರುವುದರಿಂದ ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ.

ಸ್ಪಿರಿಟ್ ಎಲ್ಲ ಕಲೆ ತೆಗೆಯುತ್ತದೆ: ಕಲೆಯ ಜೊತೆ ಪೆನ್ನನ್ನೂ ತೆಗೆಯುತ್ತದೆ. ಸೆಲ್ಯುಲಾಯ್ಡ್ ತಯಾರಿಕೆಯಲ್ಲಿ ಅದನ್ನು ಮೆತ್ತಗೆ ಮಾಡಲು ಬಳಸುತ್ತಿದ್ದುದೇ ಆಲ್ಕೋಹಾಲ್. ಹಚ್ಚಿದರೆ ಮೈ ಕರಗಿ ಮಂಕಾಗುತ್ತದೆ.

ಬ್ಲೇಡು ತೂರಿಸಿದರೆ ಸೀಳು ಬಿಡುತ್ತದೆ: ಬ್ಲೇಡಿನ ಉಕ್ಕು ಚಿನ್ನದ ನಿಬ್ಬಿಗಿಂತ ಗಡುಸು. ಸೀಳಿನ ಒಳಗೋಡೆ ಗೀರಿ, ಅಂಚು ಒರಟಾಗುತ್ತದೆ. ರಿಪೇರಿ ಮಾಡುವವರು ತೆಳು ಹಿತ್ತಾಳೆ ಹಾಳೆ ಬಳಸುತ್ತಾರೆ. ಅದು ಮೆದು.

ಬೇರೆಯವರು ಬರೆದರೆ ನಿಬ್ಬು ಹಾಳು: ನಮ್ಮ ಶಾಲೆಗಳಲ್ಲಿ ಎಲ್ಲರೂ ಕೇಳಿದ ಮಾತು. ಒಳ್ಳೆಯ ನಿಬ್ಬಿನ ತುದಿಯಲ್ಲಿ ಅತಿ ಗಡುಸಾದ ಮಿಶ್ರಲೋಹದ ಪುಟ್ಟ ಗುಂಡು ಇರುತ್ತದೆ. ಅದು ಸವೆಯಲು ವರ್ಷಗಳೇ ಬೇಕು. ಗೆಳೆಯ ಎರಡು ಸಾಲು ಬರೆದರೆ ಏನೂ ಆಗುವುದಿಲ್ಲ. ಆದರೆ ಬಾಲ್ ಪೆನ್ನಿನ ಅಭ್ಯಾಸದವರು ಒತ್ತಿ ಬರೆದರೆ ಹಲ್ಲುಗಳು ಅಗಲವಾಗಬಹುದು. ಕೆಡಿಸುವುದು ಒತ್ತಡ, ಬೇರೆಯವರ ಕೈಯಲ್ಲ.

ಫೆವಿಕ್ವಿಕ್ ಬದಲು ಅರಗು

ಹೊಸ ಚೀಲ ಹಾಕುವಾಗ ಅನುಭವಿ ರಿಪೇರಿಗಾರರು ಬಳಸುವ ಅಂಟು ಅರಗಿನದು, ಅಂದರೆ ಶೆಲ್ಲಾಕ್. ನಮ್ಮ ದೇಶದ ಕಾಡಿನ ಮರಗಳ ಮೇಲೆ ಅರಗಿನ ಹುಳು ಸ್ರವಿಸುವ ಅಂಟನ್ನೇ ಶುದ್ಧಮಾಡಿ ಅದನ್ನು ಪಡೆಯುತ್ತಾರೆ. ಇಷ್ಟೊಂದು ಹೊಸ ಅಂಟುಗಳಿರುವಾಗ ಹಳೆಯದೇಕೆ? ಅದು ಶಾಯಿಯ ನೀರಿಗೆ ಬಿಡುವುದಿಲ್ಲ, ಆದರೆ ಹದವಾಗಿ ಬಿಸಿ ಮಾಡಿದರೆ ಮೆತ್ತಗಾಗಿ ಬಿಡುತ್ತದೆ. ಇಂದು ಹಾಕಿದ ರಬ್ಬರ್ ಚೀಲವೂ ಮುಂದೊಂದು ದಿನ ಸಾಯುತ್ತದೆ. ಅಂದು ಪೆನ್ನು ಬಿಚ್ಚುವವರಿಗೆ ದಾರಿ ಇರಬೇಕು. ಫೆವಿಕ್ವಿಕ್ ಹಾಕಿದ ಪೆನ್ನನ್ನು ಬಿಚ್ಚಲು ಹೋದರೆ ಮೈ ಸೀಳುವ ಭಯ. ಎಂದರೆ ಅದೇ ಆ ಪೆನ್ನಿನ ಕೊನೆಯ ರಿಪೇರಿ.

ಹಾಗೆಂದು ಮನೆಯಲ್ಲೇ ಬಿಸಿ ಮಾಡಲು ಹೋಗಬೇಡಿ. ಅರಗು ಮೆತ್ತಗಾಗುವ ಬಿಸಿಗೂ ಸೆಲ್ಯುಲಾಯ್ಡ್ ಬಾಗುವ ಬಿಸಿಗೂ ಅಂತರ ಕಡಿಮೆ. ಬೆಂಕಿಯ ಹತ್ತಿರವಂತೂ ತರಲೇಬಾರದು, ಸೆಲ್ಯುಲಾಯ್ಡ್ ಭಗ್ಗನೆ ಹತ್ತಿಕೊಳ್ಳುತ್ತದೆ.

ಎಷ್ಟು ಹೊಸದಾಗಬೇಕು?

ರಿಪೇರಿ ಎಂದರೆ ಮತ್ತೆ ಬರೆಯುವಂತೆ ಮಾಡುವುದು. ಹೊಸದರಂತೆ ಕಾಣಿಸುವುದು ಬೇರೆಯೇ ಕೆಲಸ. ಕಂದಾದ ಎಬೊನೈಟನ್ನು ತಿಕ್ಕಿ ಕಪ್ಪಾಗಿಸಬಹುದು. ಆದರೆ ತಿಕ್ಕುವುದೆಂದರೆ ಮೇಲಿನ ಪದರ ಸವೆಸುವುದು. ಮೈಮೇಲೆ ಕೊರೆದ ಕಂಪನಿಯ ಹೆಸರೋ ಅಜ್ಜ ಕೆತ್ತಿಸಿದ ತಮ್ಮ ಹೆಸರೋ ಅದರೊಂದಿಗೆ ಅಳಿಸಿಹೋಗುತ್ತದೆ. ಕ್ಲಿಪ್ಪಿನ ಚಿನ್ನದ ಲೇಪವೂ ಅಷ್ಟೇ, ಪಾಲಿಷ್ ಹಾಕಿದಷ್ಟೂ ತೆಳುವಾಗಿ ಒಳಗಿನ ಲೋಹ ಇಣುಕುತ್ತದೆ. ಚೀಲ ಬದಲಿಸಬಹುದು, ಅಳಿದ ಅಕ್ಷರವನ್ನು ಮರಳಿ ತರಲಾಗದು.

ಆದ್ದರಿಂದ ಮನೆಯಲ್ಲಿ ಮಾಡಬಹುದಾದ್ದು ಇಷ್ಟು: ಮೂಸಿ ನೋಡಿ, ನಿಬ್ಬಿನ ತುದಿಯನ್ನು ತಣ್ಣೀರಿನಲ್ಲಿ ನೆನೆಸಿ (ಕೇಸೀನ್ ಎಂಬ ಅನುಮಾನವಿದ್ದರೆ ಅದೂ ಬೇಡ), ಲಿವರ್ ಬಿಗಿಯಾಗಿದ್ದರೆ ಅಲ್ಲಿಗೇ ನಿಲ್ಲಿಸಿ. ರಿಪೇರಿಗೆ ಕೊಡುವಾಗ ಎರಡು ಪ್ರಶ್ನೆ ಕೇಳಿ. ಯಾವ ಅಂಟು ಹಾಕುತ್ತೀರಿ? ನಾನು ಹೇಳದೆ ಪಾಲಿಷ್ ಮಾಡುವುದಿಲ್ಲ ತಾನೆ? ಈ ಎರಡಕ್ಕೂ ಸರಿಯಾದ ಉತ್ತರ ಸಿಗುವವರೆಗೆ ಪೆನ್ನು ಬೀರುವಿನಲ್ಲೇ ಇರಲಿ. ಇಷ್ಟು ವರ್ಷ ಕಾದಿದೆ, ಇನ್ನೊಂದಿಷ್ಟು ದಿನ ಕಾದರೆ ಅದಕ್ಕೆ ನಷ್ಟವಿಲ್ಲ.