ಯಂತ್ರದ ಒಡೆಯ, ಆಟದ ಒಡೆಯ

ಒಂದು ಆಟದ ಗುಣದೋಷಗಳನ್ನು ಹೇಳತಕ್ಕವರು ಯಾರು? ಹಣ ಕೊಟ್ಟು ಅದನ್ನು ಕೊಂಡವರೇ, ಅಥವಾ ಅದರ ಮುಂದೆ ನಿಂತು ಬೆರಳು ಆಡಿಸಿದವರೇ? ಪ್ರಶ್ನೆ ಮೇಲುನೋಟಕ್ಕೆ ಕ್ಷುಲ್ಲಕವಾಗಿ ಕಾಣುವುದು. ಆದರೂ ಅಮೆರಿಕದಲ್ಲಿ ಪಿನ್‌ಬಾಲ್ ಎಂಬ ಯಂತ್ರದ ಸುತ್ತ ಈ ವಾದ 90ಕ್ಕೂ ಹೆಚ್ಚು ವರ್ಷಗಳಿಂದ ಬೆಳೆದುಬಂದಿದೆ. ನಗರಸಭೆಗಳ ಬಾಗಿಲನ್ನೂ ಅದು ತಟ್ಟಿದೆ. ಕರ್ನಾಟಕವೂ ಇಂಥ ವಾದದಿಂದ ಪೂರ್ತಿಯಾಗಿ ಹೊರಗುಳಿದಿಲ್ಲ.

ಯಂತ್ರವನ್ನು ಕಾಣದ ವಾಚಕರಿಗಾಗಿ ಎರಡು ಮಾತು. ನಾಲ್ಕು ಕಾಲುಗಳ ಮೇಲೆ ನಿಂತ ಉದ್ದನೆಯ ಪೆಟ್ಟಿಗೆ. ಮೇಲೆ ಗಾಜಿನ ಮುಚ್ಚಳ. ಒಳಗೆ ಆಟಗಾರನ ಕಡೆಗೆ ಸುಮಾರು ಆರೂವರೆ ಡಿಗ್ರಿ ಇಳಿಜಾರಾದ ಹಲಗೆ. 80 ಗ್ರಾಂ ತೂಕದ ಉಕ್ಕಿನ ಗುಂಡೊಂದನ್ನು ಸ್ಪ್ರಿಂಗಿನ ಕೋಲಿನಿಂದ ಚಿಮ್ಮಿಸಿದರೆ ಅದು ಮೇಲೇರಿ, ಗೂಟ ಗಂಟೆಗಳಿಗೆ ಬಡಿದು ಅಂಕ ತರುತ್ತ ಕೆಳಗಿಳಿಯುವುದು. ಕೆಳಗೆ ಬಾಯ್ದೆರೆದ ಕಿಂಡಿಯುಂಟು. ಗುಂಡು ಅದರೊಳಗೆ ಬಿತ್ತೆಂದರೆ ಹೋಯಿತು. ಬೀಳದಂತೆ ತಡೆದು ಮತ್ತೆ ಮೇಲಕ್ಕೆ ಒದೆಯಲು ಆಟಗಾರನಿಗಿರುವುದು ಎರಡು ಪುಟ್ಟ ತೋಳುಗಳು. ಅವುಗಳಿಗೆ ಫ್ಲಿಪ್ಪರ್ ಎಂದು ಹೆಸರು. ಪೆಟ್ಟಿಗೆಯ ಎರಡು ಪಕ್ಕಗಳ ಗುಂಡಿಗಳನ್ನು ಒತ್ತಿದೊಡನೆ ವಿದ್ಯುತ್ ಸುರುಳಿಯ ಬಲದಿಂದ ಅವು ಪಟ್ಟನೆ ಏಳುತ್ತವೆ. ಪೆಟ್ಟಿಗೆಯನ್ನೇ ಮೆಲ್ಲಗೆ ತಳ್ಳಿ ಗುಂಡಿನ ದಾರಿಯನ್ನು ತುಸು ತಿರುಗಿಸುವ ಚಾತುರ್ಯವೂ ಆಟದಲ್ಲಿ ಸೇರಿದೆ. ಅತಿಯಾಗಿ ಅಲುಗಿಸಿದರೆ ಒಳಗೆ ತೂಗುಬಿಟ್ಟ ಲೋಲಕವೊಂದು ಸುತ್ತಲಿನ ಬಳೆಗೆ ತಗುಲಿ, ಯಂತ್ರವು ಹೊಸ ಸೊಸೆಯಂತೆ ಮುನಿಸಿಕೊಂಡು ಕೈಕಾಲು ಆಡಿಸುವುದನ್ನೇ ನಿಲ್ಲಿಸಿಬಿಡುತ್ತದೆ.

ಈ ತೋಳುಗಳು ಮೊದಲಿನಿಂದ ಇದ್ದವಲ್ಲ. 18ನೆಯ ಶತಮಾನದ ಫ್ರಾನ್ಸಿನ ಸಿರಿವಂತರು ಬ್ಯಾಗಟೆಲ್ ಎಂಬ ಮೇಜಿನ ಆಟ ಆಡುತ್ತಿದ್ದರು. ಇಂಗ್ಲೆಂಡಿನಿಂದ ಅಮೆರಿಕದ ಸಿನ್ಸಿನಾಟಿಗೆ ಹೋಗಿ ನೆಲೆಸಿದ ಮಾಂಟೇಗ್ ರೆಡ್‌ಗ್ರೇವ್ 1871ರಲ್ಲಿ ಅದಕ್ಕೆ ಸ್ಪ್ರಿಂಗಿನ ಕೋಲು ಜೋಡಿಸಿ ಪೇಟೆಂಟು ಪಡೆದನು. 1931ರಲ್ಲಿ ಡೇವಿಡ್ ಗಾಟ್ಲೀಬ್ ಎಂಬಾತ ‘ಬ್ಯಾಫಲ್ ಬಾಲ್’ ಎಂಬ ಯಂತ್ರವನ್ನು ತಂದನು. ಅದು ಆರ್ಥಿಕ ಮುಗ್ಗಟ್ಟಿನ ಕಾಲ. ಒಂದು ಪೆನ್ನಿ ಹಾಕಿದರೆ ಕೆಲವು ನಿಮಿಷ ದುಃಖ ಮರೆಯುವ ಈ ಪೆಟ್ಟಿಗೆ ಅಂಗಡಿ ಅಂಗಡಿಗಳಲ್ಲಿ ಕುಳಿತುಕೊಂಡಿತು.

ಒಡೆಯನಿಗೂ ಆಟಗಾರನಿಗೂ ಮನಸ್ತಾಪ ಹುಟ್ಟಿದುದು ಆ ಪೆನ್ನಿಯಿಂದಲೇ. ಒಡೆಯನೆಂದರೆ ಆಗ ಯಂತ್ರವನ್ನು ಅಂಗಡಿಯಲ್ಲಿಟ್ಟು ವಾರಕ್ಕೊಮ್ಮೆ ಹಣದ ಡಬ್ಬಿ ತೆರೆಯುವವನು. ಗುಂಡು ಬೇಗ ಬೀಳುವ ಯಂತ್ರವೇ ಅವನ ಪಾಲಿಗೆ ಒಳ್ಳೆಯ ಯಂತ್ರ. ಒಂದೇ ನಾಣ್ಯಕ್ಕೆ ಅರ್ಧ ಗಂಟೆ ನಿಂತು ಆಡುವ ನಿಪುಣನು ಅವನಿಗೆ ನಷ್ಟದ ಬಾಬತ್ತು. ಆಟಗಾರನಿಗಾದರೋ ಹೆಚ್ಚು ಹೊತ್ತು ಆಡಿಸುವ ಯಂತ್ರವೇ ಸೊಗಸು. ಒಬ್ಬರ ಮೆಚ್ಚುಗೆ ಇನ್ನೊಬ್ಬರ ದೂರು. ಈ ಎರಡರ ನಡುವೆ, ಸೋತವನಿಗೂ ‘ಇನ್ನೊಮ್ಮೆ ನೋಡೋಣ’ ಎನ್ನಿಸುವಷ್ಟು ಮಾತ್ರ ಗುಂಡನ್ನು ಉಳಿಸುವುದೇ ಯಂತ್ರ ಕಟ್ಟುವವನ ವಿದ್ಯೆಯಾಯಿತು.

ಸರ್ಕಾರದ ಅಭಿಪ್ರಾಯ ಮೂರನೆಯದು. ಕೋಲನ್ನು ಎಳೆದು ಬಿಟ್ಟ ಮೇಲೆ ಆಟಗಾರನಿಗೆ ಮಾಡಲು ಹೆಚ್ಚೇನೂ ಇಲ್ಲದಿದ್ದುದರಿಂದ ಇದು ಶುದ್ಧ ಜೂಜು ಎಂದು ನ್ಯೂಯಾರ್ಕಿನ ಮೇಯರ್ ಲಾಗಾರ್ಡಿಯಾ 1942ರಲ್ಲಿ ಯಂತ್ರಗಳನ್ನು ನಿಷೇಧಿಸಿ, ಸುತ್ತಿಗೆ ಹಿಡಿದು ತಾನೇ ಒಡೆದು ಚಿತ್ರಪಟಕ್ಕೆ ನಿಂತನು. ಐದೇ ವರ್ಷಗಳಲ್ಲಿ, ಎಂದರೆ 1947ರಲ್ಲಿ, ಗಾಟ್ಲೀಬನ ಕಾರ್ಖಾನೆಯ ‘ಹಂಪ್ಟಿ ಡಂಪ್ಟಿ’ ಯಂತ್ರಕ್ಕೆ ತೋಳುಗಳು ಮೂಡಿದವು. ಆಟದ ಸ್ವರೂಪವೇ ಬದಲಾಯಿತು. ಕಾನೂನು ಬದಲಾಗಲು ಮತ್ತೆ 29 ವರ್ಷ ಬೇಕಾಯಿತು. 1976ರಲ್ಲಿ ರೋಜರ್ ಶಾರ್ಪ್ ಎಂಬ ತರುಣ ಲೇಖಕನು ನಗರಸಭೆಯ ಸಮಿತಿಯ ಮುಂದೆ ಯಂತ್ರ ಇಡಿಸಿ ಆಡಿ ತೋರಿಸಿದನು. ಗುಂಡು ನಡುವಿನ ದಾರಿಯಲ್ಲಿ ಇಳಿಯುವುದೆಂದು ಮೊದಲೇ ಹೇಳಿ ಚಿಮ್ಮಿಸಿದನು. ಅದು ಹಾಗೆಯೇ ಇಳಿಯಿತು. ನಿಷೇಧ ಹೋಯಿತು. ಒಡೆಯರ ವಕೀಲರು ಸಾಧಿಸಲಾರದುದನ್ನು ಆಟಗಾರನ ಕೈ ಸಾಧಿಸಿತೆಂದು ಹೇಳಿದರೆ ಅತಿಶಯೋಕ್ತಿಯಲ್ಲ.

ಇನ್ನು ಚಿತ್ರದ ಮಾತು. ಗಾಜಿನ ಕೆಳಗೆ ಏನನ್ನು ಬರೆಯಬೇಕು, ಯಾವ ಸಿನಿಮಾದ ಹೆಸರಿಡಬೇಕು ಎಂಬುದು ಕ್ರಮೇಣ ದೊಡ್ಡ ವ್ಯಾಪಾರವಾಯಿತು. 1992ರಲ್ಲಿ ಬಂದ ‘ಆಡಮ್ಸ್ ಫ್ಯಾಮಿಲಿ’ ಯಂತ್ರ, ಹಿಂದಿನ ವರ್ಷದ ಚಲನಚಿತ್ರದ ಹೆಸರು ಹೊತ್ತು, 20,270 ಮಾರಾಟವಾಯಿತು. ಸಿನಿಮಾ ನೋಡಿ ಕೊಂಡವರು ಹಲವರು. ಆದರೆ ಅದು ಮೂರು ದಶಕಗಳ ಅನಂತರವೂ ಆಡಲ್ಪಡುತ್ತಿರುವುದು ಚಿತ್ರದ ದೆಸೆಯಿಂದಲ್ಲ. ಪ್ಯಾಟ್ ಲಾಲರ್ ಮತ್ತು ಲ್ಯಾರಿ ಡಿಮಾರ್ ಅದರಲ್ಲಿ ಗುಂಡಿಗೆ ಹಾಕಿಕೊಟ್ಟ ದಾರಿಗಳ ದೆಸೆಯಿಂದ.

ವಿಡಿಯೋ ಆಟಗಳು ಬಂದ ಮೇಲೆ ಅಂಗಡಿಗಳು ಮುಚ್ಚಿದವು, ಕಾರ್ಖಾನೆಗಳೂ ಒಂದೊಂದಾಗಿ ನಿಂತವು. ಉಳಿದುದರಲ್ಲಿ ಮುಖ್ಯವಾದುದು ಷಿಕಾಗೋ ಕಡೆಯ ಸ್ಟರ್ನ್ ಸಂಸ್ಥೆ. ಅದು ಒಂದೇ ಆಟವನ್ನು ಪ್ರೋ, ಪ್ರೀಮಿಯಂ, ಲಿಮಿಟೆಡ್ ಎಂದು ಮೂರು ತರಗತಿಗಳಲ್ಲಿ ಮಾರುತ್ತದೆ. ಬೆಲೆ ಸಾವಿರಾರು ಡಾಲರು. ಅಂಗಡಿಕಾರನ ಸ್ಥಾನದಲ್ಲಿ ಈಗ ಬಹುಮಟ್ಟಿಗೆ ಮನೆಯ ಯಜಮಾನನು ಒಡೆಯನಾಗಿದ್ದಾನೆ. ಅವನಿಗೆ ನಾಣ್ಯದ ಚಿಂತೆಯಿಲ್ಲ. ಆದರೆ ಯಾವ ತರಗತಿ ಕೊಳ್ಳಬೇಕು, ಇದು ಮನೆಯಲ್ಲಿ ಚೆನ್ನಾಗಿ ಕಾಣುವುದೇ, ನಾಳೆ ಮಾರಿದರೆ ಎಷ್ಟು ಬಂದೀತು ಎಂಬ ಹೊಸ ಚಿಂತೆಗಳುಂಟು.

2021ರ ‘ಗಾಡ್ಜಿಲ್ಲಾ’ ಯಂತ್ರವು ಈ ಭೇದವನ್ನು ಚೆನ್ನಾಗಿ ತೋರಿಸುವುದು. ಜಪಾನಿನ ಹಳೆಯ ದೈತ್ಯಪ್ರಾಣಿಯ ಸಿನಿಮಾಗಳೇ ಅದರ ವಸ್ತು. ದುಬಾರಿ ತರಗತಿಯಲ್ಲಿ ಪುಟ್ಟ ಕಟ್ಟಡವೊಂದು ಅಂತಸ್ತು ಅಂತಸ್ತಾಗಿ ಕುಸಿಯುತ್ತದೆ, ಸೇತುವೆ ಮುರಿಯುತ್ತದೆ. ಕಡಿಮೆ ಬೆಲೆಯದರಲ್ಲಿ ಈ ಚಮತ್ಕಾರಗಳಿಲ್ಲ. ಒಡೆಯರ ಚರ್ಚೆ ಬಹುಪಾಲು ಇದರ ಸುತ್ತಲೇ: ಕುಸಿಯುವ ಕಟ್ಟಡಕ್ಕೆ ಅಷ್ಟು ಹಣ ಕೊಡಬಹುದೇ? ಸಂಖ್ಯೆ ಕೆತ್ತಿದ ಲಿಮಿಟೆಡ್ ಪ್ರತಿಯ ಬೆಲೆ ಏರುವುದೇ? ಆಟಗಾರರ ಮಾತೇ ಬೇರೆ. ಗುಂಡು ಈ ತೋಳಿನಿಂದ ಆ ದಾರಿಗೆ, ಅಲ್ಲಿಂದ ನೇರವಾಗಿ ಇನ್ನೊಂದು ತೋಳಿಗೆ ಹರಿದುಬರುವ ಓಟವನ್ನು ಅವರು ಕೊಂಡಾಡುವರು. ದೈತ್ಯಪ್ರಾಣಿಯ ಸಿನಿಮಾಗಳೆಂದರೆ ಮೂಗು ಮುರಿಯುವವರೂ ಈ ಯಂತ್ರಕ್ಕೆ ಮನಸೋತರು. ಅದರ ಕಾರಣ ಗುಟ್ಟೇನಲ್ಲ. ಅದನ್ನು ರಚಿಸಿದ ಕೀತ್ ಎಲ್ವಿನ್ ಎಂಜಿನಿಯರನ ಮೇಜಿಗೆ ಬರುವ ಮೊದಲು ಪಿನ್‌ಬಾಲ್ ಸ್ಪರ್ಧೆಗಳಲ್ಲಿ ವಿಶ್ವವಿಜೇತನಾಗಿದ್ದವನು.

ಒಡೆಯರ ಪಕ್ಷದಲ್ಲೂ ನ್ಯಾಯವಿಲ್ಲದಿಲ್ಲ. ಆಟದ ನಿಯಮಗಳು ಈಗ ಯಂತ್ರದೊಳಗಿನ ಕಂಪ್ಯೂಟರಿನಲ್ಲಿರುವುದರಿಂದ, ಅವು ಮಾರಾಟದ ದಿನ ಪೂರ್ತಿಯಾಗದೆ ತಿಂಗಳುಗಟ್ಟಲೆ ಕಂತು ಕಂತಾಗಿ ಬರುವುದುಂಟು; ಪೂರ್ಣ ಬೆಲೆ ತೆತ್ತವನು ಧಾರಾವಾಹಿಯ ಓದುಗನಂತೆ ಮುಂದಿನ ಸಂಚಿಕೆಗೆ ಕಾಯಬೇಕು. ಗಾಜು ಒರೆಸುವುದು, ಸವೆದ ರಬ್ಬರ್ ಉಂಗುರ ಬದಲಿಸುವುದು, ಸುಟ್ಟ ಸುರುಳಿ ಹುಡುಕುವುದು ಎಲ್ಲವೂ ಅವನ ಪಾಲು. ಇಂಥವನು ಇಲ್ಲದಿದ್ದರೆ ಆಟಗಾರನಿಗೆ ಆಡಲು ಯಂತ್ರವೇ ಇರದು. ಆದರೂ ಯಂತ್ರದ ಆರೋಗ್ಯವನ್ನು ಬಲ್ಲವನು ಆಟದ ರುಚಿಯನ್ನೂ ಬಲ್ಲನೆಂದು ಹೇಳಲಾಗದು.

ಕರ್ನಾಟಕದಲ್ಲಿ ಈ ವಾದ ವಿಡಿಯೋ ಆಟದ ಅಂಗಡಿಗಳ ರೂಪದಲ್ಲಿ ಬಂದಿತು. ಅಂಥ ಅಂಗಡಿಗಳಿಗೆ ಲೈಸೆನ್ಸು ಬೇಕೆಂದು ಪೊಲೀಸರು, ಇವು ಕೌಶಲದ ಆಟಗಳು, ಬೇಡವೆಂದು ಒಡೆಯರು. ಶಿವಾನಿ ಮೊಕದ್ದಮೆಯೆಂದು ಪ್ರಸಿದ್ಧವಾದ ಆ ವ್ಯಾಜ್ಯವನ್ನು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಮಾನಿಸಿ ಲೈಸೆನ್ಸಿನ ಪಕ್ಷವನ್ನು ಎತ್ತಿಹಿಡಿಯಿತು. ಆ ತೀರ್ಪಿನಲ್ಲಿ ಗಮನಿಸತಕ್ಕ ಒಂದು ಅಂಶವಿದೆ. ಯಂತ್ರದೊಳಗೆ ಕೈಯಾಡಿಸಿ, ಎಂಥ ನಿಪುಣನಿಗೂ ಗೆಲುವು ದೊರಕದಂತೆ ಮಾಡಲು ಸಾಧ್ಯವೆಂಬುದನ್ನು ನ್ಯಾಯಾಲಯವು ಎಣಿಕೆಗೆ ತಂದುಕೊಂಡಿತು. ಮುಚ್ಚಿದ ಪೆಟ್ಟಿಗೆಯೊಳಗೆ ಏನಿದೆಯೆಂಬುದು ಒಡೆಯನಿಗೆ ಗೊತ್ತು, ಆಟಗಾರನಿಗೆ ಗೊತ್ತಿಲ್ಲ. ಕೌಶಲವೆಂಬ ಮಾತಿಗೆ ಬೆಲೆ ಬರಬೇಕಾದರೆ ಆಡುವವನಿಗೆ ಹಲಗೆ ಪೂರ್ತಿಯಾಗಿ ಕಾಣಬೇಕು.

ಪೂರ್ತಿಯಾಗಿ ಕಾಣುವ ಹಲಗೆಗಳು ನಮ್ಮಲ್ಲಿ ಬಹು ಹಿಂದಿನಿಂದ ಇವೆ. ಅವಕ್ಕೆ ಬಣ್ಣದ ಕಥೆಗಳನ್ನು ಹೊದಿಸಿದವರೂ ಇದ್ದರು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಈ ವಿಷಯದಲ್ಲಿ ಸಾಕ್ಷಾತ್ ಸ್ಟರ್ನ್ ಸಂಸ್ಥೆ. ಅವರ ‘ಶ್ರೀತತ್ತ್ವನಿಧಿ’ಯ ಕೊನೆಯ ಭಾಗವಾದ ಕೌತುಕನಿಧಿ ಆಟಗಳಿಗೇ ಮೀಸಲು. ದೇವತೆಗಳ ಚಿತ್ರ ತುಂಬಿದ ಗಂಜೀಫ ಎಲೆಗಳ ಎಷ್ಟೋ ಬಗೆಗಳನ್ನು ಅವರು ಕಲ್ಪಿಸಿದರು. ಅತಿ ದೊಡ್ಡದಾದ ಕೃಷ್ಣರಾಜ ಚಾಡಿನಲ್ಲಿ 18 ವರ್ಗಗಳು, 360 ಎಲೆಗಳು. ಅಷ್ಟು ಎಲೆಗಳನ್ನು ಕೈಯಲ್ಲಿ ಹಿಡಿದು ಆಡಿದವರೆಷ್ಟು ಮಂದಿಯೋ! ಇಂದು ಮೈಸೂರಿನ ಗಂಜೀಫ ಭೌಗೋಳಿಕ ಗುರುತು ಪಡೆದ ಕಲೆ. ಅದು ಗೋಡೆಯ ಮೇಲೆ ಕನ್ನಡಿ ಕಟ್ಟಿನಲ್ಲಿ ವಿರಾಜಿಸುತ್ತದೆ. ಆಡುವವರು ತೀರ ವಿರಳ. ಹಾಗೆಂದು ಕೊಂಡು ಕಟ್ಟು ಹಾಕಿಸಿದವನನ್ನು ಹಳಿಯುವಂತಿಲ್ಲ, ಚಿತ್ರಗಾರನ ಒಲೆ ಉರಿದುದು ಅವನಿಂದಲೇ. ಒಡೆಯನು ಕಲೆಯನ್ನು ಉಳಿಸಿದನು, ಆಟ ಉಳಿಯಲಿಲ್ಲ.

ಮೈಸೂರಿನ ಅರಮನೆಯಿಂದ ಕೊಪ್ಪಳ ಸೀಮೆಯ ನವಲಿಗೆ ಬಂದರೆ ಒಡೆಯನೆಂಬ ಮಾತೇ ಕರಗುವುದು. ತುಂಗಭದ್ರಾ ಜಲಾಶಯದಲ್ಲಿ ಹೂಳು ನುಂಗಿದ ಸ್ಥಳಕ್ಕೆ ಬದಲಾಗಿ ಸಮತೋಲನ ಜಲಾಶಯ ಕಟ್ಟಬೇಕೆಂಬ ಯೋಜನೆಯಿಂದ ಪತ್ರಿಕೆಗಳಲ್ಲಿ ಹೆಸರಾದ ಊರು ಇದು. ಪಂಚಮಿ ಬಂದಿತೆಂದರೆ ಆ ಕಡೆಯ ಊರುಗಳಲ್ಲಿ ಮರಮರಕ್ಕೂ ಜೋಕಾಲಿ. ಇಷ್ಟು ಎಸೆತಗಳಲ್ಲಿ ಲಿಂಬೆಹಣ್ಣು ಊರಾಚೆಯ ಗುಡಿ ಮುಟ್ಟಬೇಕೆಂಬ ಪಂದ್ಯ. ಗುಂಡಿನ ಬದಲು ಲಿಂಬೆಹಣ್ಣು, ಇಳಿಜಾರು ಹಲಗೆಯ ಬದಲು ಊರಿನ ದಾರಿ. ಮನೆಯೊಳಗೆ ಹೆಣ್ಣುಮಕ್ಕಳ ಕೈಗೆ ಚೌಕಾಬಾರದ ಕವಡೆ, ಅಳಗುಳಿ ಮಣೆಯ ಕಾಳು.

ಅಳಗುಳಿ ಮಣೆಗೆ ಕಥೆಯಿಲ್ಲ, ಚಿತ್ರವಿಲ್ಲ. ಎರಡು ಸಾಲು, ಸಾಲಿಗೆ ಏಳರಂತೆ 14 ಗುಳಿಗಳು. ಒಂದು ಗುಳಿಯ ಕಾಳುಗಳನ್ನು ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಂಚುತ್ತ ಹೋಗಿ, ಖಾಲಿ ಗುಳಿ ಎದುರಾದಾಗ ಅದರಾಚೆಯದನ್ನು ಗೆದ್ದುಕೊಳ್ಳುವುದು. ದಾಳವಿಲ್ಲ, ಕವಡೆಯಿಲ್ಲ, ಅದೃಷ್ಟಕ್ಕೆ ಎಡೆಯೇ ಇಲ್ಲ. ಎಷ್ಟು ಕಾಳು ಎಲ್ಲಿ ಮುಗಿಯುವುದೆಂದು ಕಣ್ಣಳತೆಯಲ್ಲೇ ಲೆಕ್ಕ ಹಾಕುವ ಅಜ್ಜಿಯ ಮುಂದೆ ಲೆಕ್ಕದಲ್ಲಿ ಪದವಿ ಪಡೆದ ಮೊಮ್ಮಗ ಸೋಲುವುದು ಸಾಮಾನ್ಯ ದೃಶ್ಯ. ನ್ಯೂಯಾರ್ಕಿನ ಸಮಿತಿಯ ಮುಂದೆ ಯಂತ್ರದ ಬದಲು ಈ ಮಣೆಯನ್ನು ಇಟ್ಟಿದ್ದರೆ ಸಾಕ್ಷಿಯೇ ಬೇಕಾಗುತ್ತಿರಲಿಲ್ಲ.

ಈಗ ನಗರಗಳಲ್ಲಿ ಈ ಮಣೆಗೂ ಹೊಸ ಸಿಂಗಾರ ಬಂದಿದೆ. ಹಿತ್ತಾಳೆ ಪಟ್ಟಿ, ಮೀನಿನ ಆಕಾರ, ಆನೆಯ ಕಾಲು, ಅರಗಿನ ಹೊಳಪು. ಮೈಸೂರಿನ ರಾಂಸನ್ಸ್ ಕಲಾ ಪ್ರತಿಷ್ಠಾನವು ‘ಕ್ರೀಡಾ ಕೌಶಲ್ಯ’ ಎಂಬ ಪ್ರದರ್ಶನಗಳನ್ನು ಹಲವು ಬಾರಿ ನಡೆಸಿ, ಬೇರೆ ಬೇರೆ ಕಡೆಯ ಕುಶಲಕರ್ಮಿಗಳ ಕೈಯಿಂದ ಇಂಥ ಹಲಗೆಗಳನ್ನು ಮಾಡಿಸಿ, ಅವುಗಳ ಜೊತೆಗೆ ಆಡುವ ಕ್ರಮವನ್ನೂ ತಿಳಿಸಿಕೊಟ್ಟಿದೆ. ಸರಿಯಾದ ಮಾರ್ಗವೇ. ಮಣೆ ಮಾತ್ರ ಮಾರಿ ನಿಯಮ ಮರೆಸುವವರೇ ಹೆಚ್ಚಾಗಿರುವ ಕಾಲದಲ್ಲಿ ಇದು ಸಣ್ಣ ಕೆಲಸವಲ್ಲ. ಏಕೆಂದರೆ ಬೈಠಕ್ ಖಾನೆಯ ಕಪಾಟಿನಲ್ಲಿ ಮಣೆಯನ್ನು ನಿಲ್ಲಿಸಿದ ಯಜಮಾನರನ್ನು ಕೇಳಿ ನೋಡಿ: ಯಾವ ಮರ, ಎಲ್ಲಿ ಕೊಂಡದ್ದು, ಎಷ್ಟು ಕೊಟ್ಟದ್ದು ಎಲ್ಲವನ್ನೂ ಹೇಳುವರು. ಒಂದೊಂದು ಗುಳಿಗೆ ಎಷ್ಟು ಕಾಳೆಂದು ಕೇಳಿದರೆ ಒಳಗೆ ತಿರುಗಿ ತಾಯಿಯನ್ನು ಕರೆಯುವರು.

ಹಂಪಿಯ ಮಂಟಪಗಳ ನೆಲಗಲ್ಲಿನಲ್ಲಿಯೂ ಆಟದ ಮನೆಗಳನ್ನು ಕೊರೆದಿದ್ದಾರೆ. ಕಣ್ಣಿದ್ದವರು ಕನಕಗಿರಿ ನೋಡಬೇಕು, ಕಾಲಿದ್ದವರು ಹಂಪಿ ನೋಡಬೇಕು ಎಂಬ ಗಾದೆ ನವಲಿಯ ಸೀಮೆಯದೇ. ಹಂಪಿಗೆ ಹೋದ ಪ್ರವಾಸಿಗಳು ಮಾತ್ರ ಕಂಬದ ಶಿಲ್ಪ ನೋಡುತ್ತ ಈ ಗೆರೆಗುಳಿಗಳ ಮೇಲೆಯೇ ನಡೆದುಹೋಗುವರು. ಕೊರೆದವರು ಕಾವಲುಗಾರರೋ, ಯಾತ್ರಿಕರೋ, ಉಳಿ ಕೆಳಗಿಟ್ಟು ದಣಿವಾರಿಸಿಕೊಳ್ಳುತ್ತಿದ್ದ ಕಲ್ಲುಕುಟಿಗರೋ, ಯಾರೂ ಹೆಸರು ಬರೆದಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವವರು ಜೇಬಿನಲ್ಲಿ ನಾಲ್ಕು ಹಿಡಿ ಹುಣಿಸೆಬೀಜ ಇಟ್ಟುಕೊಂಡಿರಲಿ. ಕಲ್ಲಿಗೆ ಹಾನಿಯಾಗದು, ಟಿಕೀಟೂ ಬೇಡ. ಮಧ್ಯಾಹ್ನದ ಬಿಸಿಲಿನಲ್ಲಿ ಮಂಟಪದ ನೆರಳು ಹೇಗೂ ಬೇಕೇ ಬೇಕು.