ಸ್ವತಂತ್ರ ಗಾಯಕರೂ ಅಂತರ್ಜಾಲವೂ

ವಿದ್ಯೆಯು ಎಷ್ಟೇ ಉತ್ತಮವಾದುದಾಗಿದ್ದರೂ ಅದಕ್ಕೊಂದು ಆಶ್ರಯವು ಬೇಕು. ಸಂಗೀತವಿದ್ಯೆಯ ವಿಷಯದಲ್ಲಂತೂ ಇದು ಎಲ್ಲರೂ ಬಲ್ಲ ಮಾತು. ಪೂರ್ವದಲ್ಲಿ ದೇವಾಲಯವೂ ಅರಮನೆಯೂ ಈ ಆಶ್ರಯವನ್ನು ಕೊಟ್ಟುವು. ಅನಂತರ ಸಭೆಗಳು ಹುಟ್ಟಿದುವು. ಬೆಂಗಳೂರಿನ ಗಾಯನ ಸಮಾಜವು 1905ರಲ್ಲಿಯೂ, ಶ್ರೀರಾಮನವಮಿಯ ಕಛೇರಿಗಳಿಂದ ಪ್ರಸಿದ್ಧವಾದ ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿಯು 1939ರಲ್ಲಿಯೂ ಸ್ಥಾಪಿತವಾದುವು. ಆದರೆ ವೇದಿಕೆಗಳು ಕೆಲವು, ಹಾಡಬಲ್ಲವರು ಸಾವಿರಾರು. ಬನ್ನೇರುಘಟ್ಟದ ರಸ್ತೆಯ ನಮ್ಮ ಗೊಟ್ಟಿಗೆರೆಯಲ್ಲಿ ಸಾಯಂಕಾಲ ಒಂದು ಸುತ್ತು ಬಂದರೆ ಒಂದು ಮನೆಯಿಂದ ಸರಳೆವರಸೆಯೂ, ಇನ್ನೊಂದರಿಂದ ಭಾವಗೀತೆಯೂ, ಮಹಡಿಯ ಮೇಲಿನ ಕೋಣೆಯಿಂದ ಗಿಟಾರಿನ ನಾದವೂ ಕಿವಿಗೆ ಬೀಳುವುವು. ಇವರೆಲ್ಲರಿಗೂ ಪ್ರವೇಶವಿರುವ ಚಪ್ಪರವೆಂದರೆ ಇಂದು ಅಂತರ್ಜಾಲವೊಂದೇ. ಅಲ್ಲಿ ಹಾಡಲು ಯಾರ ಅಪ್ಪಣೆಯೂ ಬೇಡ. ಕೇಳುವವರನ್ನು ಸಂಪಾದಿಸುವುದು ಮಾತ್ರ ಸುಲಭವಲ್ಲ.

ನೆರೆಯ ಗೃಹಸ್ಥರೊಬ್ಬರು ಈಚೆಗೆ ಹೀಗೆ ಕೇಳಿದರು: “ನಮ್ಮ ಮಗಳು ತಾನೇ ಪದ ಕಟ್ಟಿ, ರಾಗ ಹಾಕಿ, ಹಾಡಿ ಯೂಟ್ಯೂಬಿನಲ್ಲಿ ಹಾಕಿದಳು. ಕೇಳಿದವರು ನೆಂಟರಿಷ್ಟರು ಮಾತ್ರ. ಹಣ ಕೊಟ್ಟರೆ ಒಂದು ವಾರದಲ್ಲಿ ಲಕ್ಷ ಸಲ ಕೇಳಿಸುವೆನೆಂದು ಒಬ್ಬನು ಹೇಳುತ್ತಾನೆ. ಕೊಡಬಹುದೇ ಮೇಷ್ಟ್ರೇ?”

ಕೊಡಕೂಡದು. ಆ ಲಕ್ಷದಲ್ಲಿ ಮನುಷ್ಯರ ಕಿವಿಗಳು ಬಹಳ ಕಡಿಮೆ. ಬಹುಪಾಲು ಯಂತ್ರಗಳು ತಾವೇ ಒತ್ತಿದ ಗುಂಡಿಗಳು. ಇಂತಹ ಕಳ್ಳ ಎಣಿಕೆಯನ್ನು ಯೂಟ್ಯೂಬ್ ತನ್ನ ನಿಯಮಗಳಲ್ಲಿ ನಿಷೇಧಿಸಿದೆ. ಪತ್ತೆಯಾದರೆ ಎಣಿಕೆಯನ್ನು ಅಳಿಸುವುದಲ್ಲದೆ ಖಾತೆಯನ್ನೇ ಮುಚ್ಚಬಹುದು. ಸ್ಪಾಟಿಫೈ ಸಂಸ್ಥೆಯು ಕೃತಕ ಶ್ರವಣವು ಮಿತಿಮೀರಿ ಕಂಡುಬಂದ ಹಾಡಿಗೆ 2024ರಿಂದ ದಂಡವನ್ನೇ ವಿಧಿಸುತ್ತಿದೆ. ಹಣವೂ ಹೋಗಿ, ಹಾಡೂ ಹೋಗಿ, ಕೊನೆಗೆ ಹೆಸರೂ ಕೆಡುವ ವ್ಯಾಪಾರವಿದು. ಅದೇ ಹಣದಲ್ಲಿ ಒಳ್ಳೆಯ ಧ್ವನಿಗ್ರಾಹಕವೊಂದನ್ನು ಕೊಂಡರೆ ಮುಂದಿನ ಹಾಡಾದರೂ ಸ್ಫುಟವಾದೀತು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದು ಹೆಸರು. ನಮ್ಮ ಹಿರಿಯರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ವಚನಕಾರರೂ ಹರಿದಾಸರೂ ತಮ್ಮ ರಚನೆಯೊಳಗೇ ಅಂಕಿತವನ್ನು ಇಟ್ಟರು. ಓಲೆಗರಿಯು ಹರಿದರೂ, ಹಾಡುವವರು ಬದಲಾದರೂ, ಪುರಂದರವಿಠಲನೆಂಬ ಮಾತು ಬಂದೊಡನೆ ಕರ್ತೃವು ಯಾರೆಂಬುದು ಹಳ್ಳಿಯ ಮುದುಕಿಗೂ ತಿಳಿಯುವುದು. ದೈವಭಕ್ತಿಯಿಂದ ಇಟ್ಟ ಅಂಕಿತವು ಕೃತಿಯ ಗುರುತನ್ನೂ ಕಾಪಾಡಿತು.

ಗ್ರಾಮಫೋನಿನ ಕಾಲದಲ್ಲಿಯೂ ಇಂತಹದೇ ಒಂದು ಸಂಗತಿಯುಂಟು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಎಂಬ ಗಾಯಕಿಯು ಗ್ರಾಮಫೋನ್ ಕಂಪನಿಗಾಗಿ ಹಾಡಿದಳು. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯವರಿಗೆ ಯಾವ ಧ್ವನಿ ಯಾರದೆಂದು ತಿಳಿಯುವುದೆಂತು? ಆದುದರಿಂದ ಹಾಡು ಮುಗಿದೊಡನೆ ಆಕೆಯು ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದಳು. ರಾಗವೊಂದನ್ನು ಸುಮಾರು ಮೂರು ನಿಮಿಷದೊಳಗೆ ಅಡಕಮಾಡುವ ಚಾತುರ್ಯವೂ ಆಕೆಯದಾಗಿತ್ತು. 1928ರಲ್ಲಿ ಆಕೆಯು ನಮ್ಮ ಮೈಸೂರಿಗೆ ಬಂದು ಆಸ್ಥಾನದ ಆಶ್ರಯವನ್ನು ಪಡೆದು, 1930ರ ಜನವರಿಯಲ್ಲಿ ಅಲ್ಲಿಯೇ ಕಾಲವಾದಳು. ಆದರೆ ಆ ಹೆಸರು ಇಂದಿಗೂ ಆಕೆಯ ಕಂಠದಿಂದಲೇ ಕೇಳಿಬರುತ್ತಿದೆ.

ಅಂತರ್ಜಾಲದಲ್ಲಿ ಈ ಅಂಕಿತದ ಕೆಲಸವನ್ನು ಹಾಡಿನೊಡನೆ ತುಂಬುವ ವಿವರಗಳು ಮಾಡುತ್ತವೆ. ಹಾಡಿನ ಹೆಸರು, ಗಾಯಕರ ಹೆಸರು, ಸಾಹಿತ್ಯವನ್ನು ಬರೆದವರು, ರಾಗವನ್ನು ಹಾಕಿದವರು, ಪಕ್ಕವಾದ್ಯದವರು, ಭಾಷೆ, ವರ್ಷ ಇವೆಲ್ಲವನ್ನೂ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ತಪ್ಪಿಲ್ಲದೆ ಬರೆಯಬೇಕು. ಒಂದು ಕಡೆ ಮನೆತನದ ಹೆಸರಿನೊಡನೆ, ಇನ್ನೊಂದು ಕಡೆ ಬರಿಯ ಮೊದಲಕ್ಷರದೊಡನೆ, ಮತ್ತೊಂದು ಕಡೆ ಮುದ್ದಿನ ಹೆಸರಿನಲ್ಲಿ ಹಾಡನ್ನು ಬಿಟ್ಟರೆ, ಹುಡುಕುವವನಿಗೆ ಅವು ಮೂವರ ಹಾಡುಗಳಾಗಿ ತೋರುವುವು. ಇದಲ್ಲದೆ ಪ್ರತಿಯೊಂದು ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರಾಂಕಗಳ ಗುರುತು ಉಂಟು. ಹಾಡು ಯಾವ ದೇಶದ ಯಾವ ಅಂಗಡಿಯಲ್ಲಿ ಮೊಳಗಿದರೂ ಲೆಕ್ಕವನ್ನು ಒಡೆಯನ ಹೆಸರಿಗೆ ಸೇರಿಸುವುದು ಈ ಗುರುತೇ.

ಎರಡನೆಯದು ಹಕ್ಕು. ನಮ್ಮ ದೇಶದ ಕಾನೂನಿನಂತೆ ಕವಿಯ ಕೃತಿಸ್ವಾಮ್ಯವು ಅವನು ಗತಿಸಿದ ವರ್ಷವು ಕಳೆದ ಮೇಲೆ 60 ವರ್ಷಗಳವರೆಗೆ ಇರುತ್ತದೆ. ಪುರಂದರದಾಸರ ಕೀರ್ತನೆಯನ್ನೂ, 1889ರಲ್ಲಿ ಗತಿಸಿದ ಶಿಶುನಾಳ ಷರೀಫರ ಪದವನ್ನೂ ಯಾರು ಬೇಕಾದರೂ ಹಾಡಬಹುದು. ಆದರೆ 1981ರಲ್ಲಿ ಗತಿಸಿದ ಬೇಂದ್ರೆಯವರ ಕವಿತೆಗೆ 2041ರ ಕೊನೆಯವರೆಗೂ, 1994ರಲ್ಲಿ ಗತಿಸಿದ ಕುವೆಂಪು ಅವರ ಕವಿತೆಗೆ 2054ರ ಕೊನೆಯವರೆಗೂ ಹಕ್ಕುದಾರರ ಅನುಮತಿಯು ಅವಶ್ಯಕ. ಹಳೆಯ ಕೀರ್ತನೆಯೇ ಆದರೂ ಮತ್ತೊಬ್ಬರ ಧ್ವನಿಮುದ್ರಣವನ್ನು ಎತ್ತಿಕೊಳ್ಳುವಂತಿಲ್ಲ. ಅದಕ್ಕೆ ಬೇರೆ ಹಕ್ಕು ಉಂಟು. ಹಾಡನ್ನು ಸ್ವತಃ ಕಟ್ಟಿದವರು ಇನ್ನೊಂದನ್ನು ನೆನಪಿನಲ್ಲಿಡಬೇಕು: 2012ರ ತಿದ್ದುಪಡಿಯ ಪ್ರಕಾರ ಸಾಹಿತ್ಯಕಾರನೂ ಸಂಗೀತಕಾರನೂ ತಮಗೆ ಬರತಕ್ಕ ರಾಯಧನದ ಹಕ್ಕನ್ನು ತಮ್ಮ ವಾರಸುದಾರರಿಗೂ ಕೃತಿಸ್ವಾಮ್ಯದ ಸಂಘಕ್ಕೂ ಹೊರತು ಬೇರೆ ಯಾರಿಗೂ ಬಿಟ್ಟುಕೊಡುವಂತಿಲ್ಲ. 1969ರಲ್ಲಿ ಸ್ಥಾಪಿತವಾದ ಐಪಿಆರ್‌ಎಸ್ ಎಂಬುದು ಇಂತಹ ಸಂಘ. ಕಂಪನಿಯ ಕರಾರುಪತ್ರಕ್ಕೆ ರುಜು ಹಾಕುವ ಮೊದಲು ಮನೆಯಲ್ಲಿ ಇಂಗ್ಲಿಷ್ ಬಲ್ಲವರು ಅದನ್ನು ಒಮ್ಮೆ ಗಟ್ಟಿಯಾಗಿ ಓದಿಸಿ ಕೇಳುವುದು ಮೇಲು.

ಮೂರನೆಯದು ಕ್ರಮ. ಯೂಟ್ಯೂಬಿಗೆ ಯಾರು ಬೇಕಾದರೂ ನೇರವಾಗಿ ಹಾಡನ್ನು ಏರಿಸಬಹುದು. ಸ್ಪಾಟಿಫೈ ಮೊದಲಾದ ಅಂಗಡಿಗಳಿಗಾದರೋ ವಿತರಕ ಸಂಸ್ಥೆಯೊಂದರ ಮೂಲಕ ಕಳುಹಿಸಬೇಕು; ಡಿಸ್ಟ್ರೋಕಿಡ್, ಟ್ಯೂನ್‌ಕೋರ್ ಎಂಬುವು ಅಂತಹವು. ಹಾಡು ಬಿಡುಗಡೆಯಾಗುವುದಕ್ಕೆ ಏಳು ದಿನಗಳಿಗೆ ಮುಂಚಿತವಾಗಿಯಾದರೂ ಸ್ಪಾಟಿಫೈ ಸಂಪಾದಕರ ಅವಗಾಹನೆಗೆ ಅದನ್ನು ಸಲ್ಲಿಸಿಟ್ಟರೆ ಅವರ ಆಯ್ಕೆಯ ಪಟ್ಟಿಗಳಲ್ಲಿ ಸ್ಥಾನವು ದೊರೆಯುವ ಸಂಭವವುಂಟು. ಮುಂಜಿಯಾದ ಮೇಲೆ ಲಗ್ನಪತ್ರಿಕೆಯನ್ನು ಹಂಚಿದಂತೆ, ಹಾಡು ಹೊರಬಿದ್ದ ಮರುದಿನ ಓಡಾಡಿದರೆ ಫಲವಿಲ್ಲ. ಯೂಟ್ಯೂಬಿನ ಕಿರುಚಿತ್ರಗಳಿಗೆ 2024ರ ಅಕ್ಟೋಬರಿನಿಂದ ಮೂರು ನಿಮಿಷಗಳ ಅವಕಾಶವಿದೆ. ಗೌಹರ್ ಜಾನಳಿಗೆ ಸಾಕಾದಷ್ಟು ಕಾಲವು ನಮ್ಮ ಮಕ್ಕಳಿಗೂ ಸಾಕು. ಒಂದು ಪಲ್ಲವಿಯನ್ನೋ, ಹಾಡು ಹುಟ್ಟಿದ ಕಥೆಯನ್ನೋ, ಕಷ್ಟದ ಸಂಗತಿಯೊಂದನ್ನು ಸಾಧಿಸಿದ ಬಗೆಯನ್ನೋ ಅಲ್ಲಿ ತೋರಿಸಿ ಪೂರ್ಣ ಹಾಡಿಗೆ ದಾರಿಯನ್ನು ಕೊಡಬಹುದು. ವಾರಕ್ಕೊಂದಾಗಲಿ ತಿಂಗಳಿಗೆ ಎರಡಾಗಲಿ, ಗೊತ್ತಾದ ದಿನದಲ್ಲಿ ತಪ್ಪದೆ ಬರಬೇಕು. ಕೇಳುವವರು ಬೇಗ ಅಭ್ಯಾಸವಶರಾಗುವರು.

ಸಂಪಾದನೆಯ ಮಾತನ್ನೂ ಮುಚ್ಚಿಡಬೇಕಾಗಿಲ್ಲ. ಯೂಟ್ಯೂಬಿನ ಜಾಹೀರಾತಿನಲ್ಲಿ ಪಾಲು ದೊರೆಯಬೇಕಾದರೆ 1000 ಮಂದಿ ಚಂದಾದಾರರಿರಬೇಕು. ಅದರೊಡನೆ ಹಿಂದಿನ 12 ತಿಂಗಳಲ್ಲಿ 4000 ಗಂಟೆಗಳ ವೀಕ್ಷಣೆಯಾಗಲಿ, 90 ದಿನಗಳಲ್ಲಿ ಕಿರುಚಿತ್ರಗಳಿಗೆ ಒಂದು ಕೋಟಿ ವೀಕ್ಷಣೆಯಾಗಲಿ ಆಗಿರಬೇಕು. ಸ್ಪಾಟಿಫೈಯಲ್ಲಿ 12 ತಿಂಗಳೊಳಗೆ 1000 ಸಲವಾದರೂ ಕೇಳದ ಹಾಡಿಗೆ 2024ರಿಂದ ಕಾಸೂ ಹುಟ್ಟದು. ಆದುದರಿಂದ ಮೊದಲ ಎರಡು ಮೂರು ವರ್ಷಗಳಲ್ಲಿ ಇದರಿಂದ ಸಂಸಾರ ಸಾಗುವುದೆಂದು ಯಾರೂ ಎಣಿಸಬಾರದು. ಹನಿಗೂಡಿದರೆ ಹಳ್ಳವೆಂಬುದು ಸತ್ಯ. ಆದರೆ ಹನಿಗೂಡಲು ಮಳೆಗಾಲವು ಪೂರ್ತಿ ಬೇಕು.

ನಾಲ್ಕನೆಯದು, ಪರರ ನೆಲದಲ್ಲಿ ಮನೆ ಕಟ್ಟಬಾರದು. 2020ರ ಜೂನ್ 29ರಂದು ನಮ್ಮ ಸರಕಾರವು ಟಿಕ್‌ಟಾಕನ್ನು ನಿಷೇಧಿಸಿತು. ಅಲ್ಲಿ ವರ್ಷಗಟ್ಟಲೆ ಹಾಡಿ ಕುಣಿದು ಲಕ್ಷಾಂತರ ಅಭಿಮಾನಿಗಳನ್ನು ಕೂಡಿಸಿದವರು ಬೆಳಗಾಗುವಷ್ಟರಲ್ಲಿ ಬರಿಗೈಯವರಾದರು. ಕೇಳಿ ಮೆಚ್ಚಿದವರ ಈಮೇಲ್ ವಿಳಾಸವನ್ನೋ ವಾಟ್ಸಾಪ್ ಸಂಖ್ಯೆಯನ್ನೋ ಅವರ ಒಪ್ಪಿಗೆಯಿಂದ ಪಡೆದು ಗಾಯಕನು ತನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಆ ನಂಟನ್ನು ಯಾವ ಕಂಪನಿಯೂ ಕಸಿದುಕೊಳ್ಳಲಾರದು. ಹೆಸರು ತಿಳಿದಿರುವ ನೂರು ಮಂದಿ ರಸಿಕರು, ಮುಖವರಿಯದ ಲಕ್ಷ ಎಣಿಕೆಗಿಂತ ಮಿಗಿಲು. ಮುಂದಿನ ಹಾಡನ್ನು ಇತರರಿಗೆ ಮುಟ್ಟಿಸುವವರೂ, ಮನೆಯ ಆರತಿಗೋ ಗಣೇಶನ ಚಪ್ಪರಕ್ಕೋ ಕರೆದು ಹಾಡಿಸುವವರೂ ಇವರೇ.

ಈ ನಾಲ್ಕೂ ಒಂದೆಡೆ ಕೂಡಿದರೆ ಏನಾಗುವುದೆಂಬುದಕ್ಕೆ ನಿದರ್ಶನವು ನಮ್ಮ ನಾಡಿನಲ್ಲಿಯೇ ಇದೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತರು ಬೆಂಗಳೂರಿನಲ್ಲಿ ತಂಡವನ್ನು ಕಟ್ಟಿ, ಧ್ವನಿಮುದ್ರಣದ ಕಂಪನಿಗಳ ಬಾಗಿಲಲ್ಲಿ ವರ್ಷಗಳ ಕಾಲ ನಿರಾಶರಾದ ಮೇಲೆ 2008ರಲ್ಲಿ ತಮ್ಮ ಮೊದಲ ಆಲ್ಬಮ್ಮನ್ನು ಹೊರತಂದರು. ಷರೀಫರ ಪದಗಳೂ ಅದರಲ್ಲಿದ್ದುವು. 2010ರಲ್ಲಿ ಅವರು ಬ್ರಿಟನ್ನಿನ ಬಿಬಿಸಿ ದೂರದರ್ಶನದಲ್ಲಿ ಜೂಲ್ಸ್ ಹಾಲೆಂಡರ ಕಾರ್ಯಕ್ರಮದಲ್ಲಿ ಹಾಡಿದೊಡನೆ ಆ ಆಲ್ಬಮ್ ಐಟ್ಯೂನ್ಸ್ ಎಂಬ ಅಂತರ್ಜಾಲದ ಅಂಗಡಿಯಲ್ಲಿ ಅಲ್ಲಿಯ ವಿಶ್ವಸಂಗೀತದ ಪಟ್ಟಿಯ ತಲೆಗೆ ಏರಿತು. ಕನ್ನಡವರಿಯದ ಕೇಳುಗನು ಹೆಸರನ್ನು ಹುಡುಕಿದಾಗ ಆ ಹೆಸರಿನಲ್ಲಿ ಹಾಡು ಸಿದ್ಧವಾಗಿತ್ತಷ್ಟೆ! ಅದೃಷ್ಟವು ಒಂದು ದಿನ ಬಾಗಿಲಿಗೆ ಬರಬಹುದು. ಆ ದಿನ ಮನೆಯಲ್ಲಿ ದೀಪವು ಉರಿಯುತ್ತಿರಬೇಕು.

ತಾಯಿತಂದೆಗಳಿಗೆ ಕಡೆಯದೊಂದು ವಿಜ್ಞಾಪನೆ. ಎಷ್ಟು ಜನ ಕೇಳಿದರೆಂದು ಮಕ್ಕಳನ್ನು ದಿನವೂ ವಿಚಾರಿಸಬೇಡಿರಿ. ಆ ಅಂಕಿಯನ್ನು ಅವರೇ ಗಳಿಗೆಗೊಮ್ಮೆ ನೋಡಿ ನೊಂದುಕೊಳ್ಳುತ್ತಿರುವರು. ಇಂದು ಏನು ಅಭ್ಯಾಸ ಮಾಡಿದೆಯೆಂದು ಕೇಳಿರಿ. ಸಾಧ್ಯವಾದರೆ ಕುಳಿತು ಒಂದು ಹಾಡನ್ನು ಪೂರ್ತಿಯಾಗಿ ಕೇಳಿರಿ. ಪ್ರಚಾರವು ಹಾಡನ್ನು ಕಿವಿಯವರೆಗೆ ಮಾತ್ರ ಒಯ್ಯಬಲ್ಲುದು. ಅಲ್ಲಿಂದ ಹೃದಯಕ್ಕೆ ಇಳಿಸತಕ್ಕದ್ದು ಸಾಧನೆಯೇ ಹೊರತು ಬೇರೆಯಲ್ಲ.