ಮಲಗಿದರೆ ಹೆಚ್ಚುವ ನೋವು

ಐ.ಟಿ. ಕಂಪನಿಗಳಲ್ಲಿ ಬೆನ್ನುನೋವು ಹೊಸ ವಿಷಯವಲ್ಲ. ಪುಣೆಯ ಹಿಂಜವಾಡಿಯಲ್ಲಿ ನನ್ನ ಸುತ್ತಮುತ್ತ ಕೂರುವ ಎಷ್ಟೋ ಮಂದಿ ಸೊಂಟ ಹಿಡಿದುಕೊಂಡೇ ಕುರ್ಚಿಯಿಂದ ಏಳುತ್ತಾರೆ. ನನ್ನ ನೋವನ್ನೂ ಎಲ್ಲರೂ ಅದೇ ಲೆಕ್ಕಕ್ಕೆ ಸೇರಿಸುತ್ತಾರೆ. ಆದರೆ ನನಗಿರುವುದು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್. ರೋಗನಿರೋಧಕ ವ್ಯವಸ್ಥೆ ದಾರಿ ತಪ್ಪಿ ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತ ಎಬ್ಬಿಸುವ, ಜೀವನಪೂರ್ತಿ ಜೊತೆಗಿರುವ ಸಂಧಿವಾತ ಇದು. ಹತೋಟಿಗೆ ಬಾರದಿದ್ದರೆ ಕೆಲವರಲ್ಲಿ ಬೆನ್ನಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡು ಬೆನ್ನು ಬಗ್ಗುವುದೇ ನಿಂತುಹೋಗುತ್ತದೆ.

ಈ ಕಾಯಿಲೆಯ ಸ್ವಭಾವವೇ ತಿರುಗುಮುರುಗು. ಸಾಮಾನ್ಯ ಬೆನ್ನುನೋವು ಮಲಗಿದರೆ ಇಳಿಯುತ್ತದೆ. ಇದು ಮಲಗಿದರೆ ಏರುತ್ತದೆ, ಓಡಾಡಿದರೆ ಇಳಿಯುತ್ತದೆ. ನಡುರಾತ್ರಿ ಕಳೆದ ಮೇಲೆ ನೋವೇ ನಿದ್ದೆಯಿಂದ ಎಬ್ಬಿಸುತ್ತದೆ. ಬೆಳಿಗ್ಗೆ ಬೆನ್ನು ಹಲಗೆಯಂತೆ ಬಿಗಿದಿರುತ್ತದೆ. ಬಿಸಿನೀರಿನ ಸ್ನಾನ, ವ್ಯಾಯಾಮ ಎಲ್ಲ ಮುಗಿದು ಬೂಟಿನ ಲೇಸ್ ಕಟ್ಟಲು ಬಗ್ಗುವಷ್ಟಾಗಲು ನನಗೆ ಒಂದು ಗಂಟೆಗೂ ಹೆಚ್ಚು ಬೇಕು. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಚುರುಕಾಗಿ ಓಡಾಡುವ ನನ್ನನ್ನು ನೋಡಿದವರು ಇದನ್ನು ನಂಬುವುದಿಲ್ಲ.

ಹಿಂದೆ ನಾನಿದ್ದ ಕಂಪನಿಯೊಂದರಲ್ಲಿ, ಬೆಳಗಿನ 9ರ ಮೀಟಿಂಗಿಗೆ ತಡವಾದದ್ದು ಅಪ್ರೈಸಲ್‌ನಲ್ಲಿ ‘ಬದ್ಧತೆಯ ಕೊರತೆ’ ಎಂದು ದಾಖಲಾಯಿತು. ಗಂಟೆಗೊಮ್ಮೆ ಎದ್ದು ಅಡ್ಡಾಡಿದ್ದಕ್ಕೆ ‘ಏಕಾಗ್ರತೆ ಇಲ್ಲ’ ಎಂದರು. ಅದೇ ಜನ ವಾರಗಟ್ಟಲೆ ರಜೆ ಹಾಕಿ ಮಲಗಲು ಧಾರಾಳವಾಗಿ ಒಪ್ಪುತ್ತಿದ್ದರು. ಧಾರವಾಡದಿಂದ ಅವ್ವ ಫೋನಿನಲ್ಲಿ ಹೇಳುವುದೂ ಅದನ್ನೇ: ‘ಭಾಳ ಅಡ್ಡಾಡಬ್ಯಾಡಪಾ, ಸುಮ್ನ ಮಲ್ಕೊ.’ ಅದು ಕರುಳಿನ ಮಾತು. ಆದರೆ ನನ್ನ ಬೆನ್ನಿಗೆ ಒಗ್ಗುವುದಿಲ್ಲ. ರಜೆಗಿಂತ ನನಗೆ ಬೇಕಾದದ್ದು ಬೆಳಗಿನ ಒಂದೂವರೆ ಗಂಟೆಯ ರಿಯಾಯಿತಿ, ನಿಂತು ಕೆಲಸ ಮಾಡಬಹುದಾದ ಮೇಜು, ನಡುನಡುವೆ ಎದ್ದು ಹೋಗುವ ಸ್ವಾತಂತ್ರ್ಯ. ತಡವಾಗಿ ಬಂದವನು ಸಂಜೆ ತಡವಾಗಿಯೇ ಹೋಗುತ್ತಾನೆ, ಕೆಲಸ ಕಡಿಮೆಯಾಗುವುದಿಲ್ಲ.

ಈ ಅನುಕೂಲ ಮ್ಯಾನೇಜರನ ದಾಕ್ಷಿಣ್ಯದ ಮೇಲೆ ನಿಲ್ಲಬಾರದು. ಮ್ಯಾನೇಜರ್ ಬದಲಾದ ದಿನ ಅದೂ ಹೋಗುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆ–2016ರ ಪ್ರಕಾರ ಖಾಸಗಿ ಕಂಪನಿಗಳೂ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ಆದರೆ ಕಾಯ್ದೆಯ ಪಟ್ಟಿಯಲ್ಲಿರುವ 21 ಬಗೆಯ ವೈಕಲ್ಯಗಳಲ್ಲಿ ಈ ಕಾಯಿಲೆಯ ಹೆಸರಿಲ್ಲ. ಚಲನೆಗೆ ಎಷ್ಟು ಅಡ್ಡಿಯಾಗಿದೆ ಎಂದು ಅಳೆದು ಪ್ರಮಾಣಪತ್ರ ಕೊಡುತ್ತಾರೆ; ಮುಖ್ಯ ಸೌಲಭ್ಯಗಳಿಗೆ ಕನಿಷ್ಠ ಶೇ 40 ಇರಬೇಕು. ಔಷಧ, ವ್ಯಾಯಾಮಗಳಿಂದ ಬೆನ್ನು ಬೆಸೆಯದಂತೆ ಕಾಪಾಡಿಕೊಂಡವನು ಆ ಗೆರೆ ಮುಟ್ಟುವುದೇ ಇಲ್ಲ. ಹಾಗೆಂದು ಅವನ ಬೆಳಗು ಸಲೀಸಾಗುವುದಿಲ್ಲ. ಆದ್ದರಿಂದ ಕಂಪನಿಗಳು ತಮ್ಮ ನೀತಿಯಲ್ಲಿ, ಪ್ರಮಾಣಪತ್ರವಿಲ್ಲದಿದ್ದರೂ ವೈದ್ಯರ ಚೀಟಿ ಸಾಕು ಎಂದು ಬರೆದಿಡಬೇಕು.

ಊರು ಬಿಟ್ಟು ಬಂದವರಿಗೆ ಇನ್ನೊಂದು ಕಟ್ಟುಪಾಡಿದೆ. ಮಾತ್ರೆಗೆ ಬಗ್ಗದ ಉರಿಯೂತಕ್ಕೆ ಬಯಾಲಜಿಕ್ ಚುಚ್ಚುಮದ್ದು ಬೇಕಾಗುತ್ತದೆ. ಮನೆಯಲ್ಲೇ ತೆಗೆದುಕೊಂಡರೆ ಅದರ ಖರ್ಚು ಸಾಮಾನ್ಯವಾಗಿ ವಿಮೆಗೆ ಸೇರುವುದಿಲ್ಲ. ಕಂಪನಿ ಬಿಟ್ಟರೆ ಗುಂಪು ವಿಮೆಯೂ ಹೋಗುತ್ತದೆ. ಸ್ವಂತ ಪಾಲಿಸಿ ಹೊಸದಾಗಿ ಮಾಡಿಸಿದರೆ, ಮೊದಲೇ ಇರುವ ಕಾಯಿಲೆಗೆ 36 ತಿಂಗಳವರೆಗೂ ಕಾಯಬೇಕಾಗಬಹುದು. ‘ಬಿಟ್ಟು ಊರಿಗೆ ಬಾ’ ಎನ್ನುವುದು ಅಷ್ಟು ಸುಲಭವಲ್ಲ.

ಓದುತ್ತಿರುವ ನಿಮಗೆ 45 ದಾಟುವ ಮೊದಲೇ ಬೆನ್ನುನೋವು ಶುರುವಾಗಿ ಮೂರು ತಿಂಗಳಿಗೂ ಹೆಚ್ಚು ಕಾಡುತ್ತಿದ್ದರೆ, ಬೆಳಿಗ್ಗೆ ಅರ್ಧ ಗಂಟೆ ಮೀರಿ ಬೆನ್ನು ಬಿಗಿಯುತ್ತಿದ್ದರೆ ರುಮಟಾಲಜಿಸ್ಟ್ ಅವರನ್ನು ಕಾಣಿ. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಎಂಆರ್‌ಐಯಲ್ಲಿ ಮೊದಲೇ ಗೊತ್ತಾಗಬಹುದು. ಕಣ್ಣು ಕೆಂಪಾಗಿ ನೋಯತೊಡಗಿದರೆ ತಡಮಾಡದೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಈ ಕಾಯಿಲೆ ಅಲ್ಲಿಗೂ ಕೈ ಚಾಚುತ್ತದೆ. ಇದು ಗಂಡಸರ ಕಾಯಿಲೆ ಎಂಬುದು ಹಳೆಯ ಮಾತು, ಹೆಂಗಸರಿಗೂ ಬರುತ್ತದೆ.

ನಮ್ಮಲ್ಲಿ ಹಲವರು ಈಗ ತಂಡಗಳನ್ನು ನಡೆಸುವ ಸ್ಥಾನದಲ್ಲಿದ್ದೇವೆ. ದಿನವೂ ತಡವಾಗಿ ಬಂದರೂ ಕೆಲಸ ಸರಿಯಾಗಿ ಮುಗಿಸುವ ಹುಡುಗನೋ ಹುಡುಗಿಯೋ ತಂಡದಲ್ಲಿದ್ದರೆ, ಅಪ್ರೈಸಲ್ ಬರೆಯುವ ಮುನ್ನ ಒಮ್ಮೆ ಕರೆದು ಕಾರಣ ಕೇಳಿ.